ಜೊಂಗ್ಮ್ಯೊ ಎದುರಿನ ಆಕಾಶ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದ ಜೊಂಗ್ಮ್ಯೊ ಆವರಣವನ್ನು 2025ರ ನವೆಂಬರಿನ ಒಂದು ಚಳಿಯ ಬೆಳಿಗ್ಗೆ ಹೊಕ್ಕಾಗ ಮೊದಲು ನನ್ನ ಗಮನ ಸೆಳೆದದ್ದು ಅಲ್ಲಿನ ನೆಲ. ಹೆಬ್ಬಾಗಿಲಿನಿಂದ ಒಳಕ್ಕೆ ಸಾಗುವ ಒರಟು ಕಲ್ಲುಹಾಸಿನ ಹಾದಿ ಉದ್ದಕ್ಕೂ ಮೂರು ಪಟ್ಟಿಗಳಾಗಿ ಬೇರ್ಪಟ್ಟಿದೆ. ನಡುವಿನ ಪಟ್ಟಿ ಅಕ್ಕಪಕ್ಕದವುಗಳಿಗಿಂತ ತುಸು ಎತ್ತರ. ಅದು ಗತಿಸಿದ ಅರಸರ ಆತ್ಮಗಳು ನಡೆಯುವ ದಾರಿ, ಅದರ ಮೇಲೆ ಕಾಲಿಡಬೇಡಿ ಎಂಬ ವಿನಂತಿ ಹಾದಿಯ ಪಕ್ಕದಲ್ಲೇ ಇದೆ. ನಮ್ಮ ಮುಂದೆ ಗಲಗಲ ಮಾತಾಡುತ್ತ ಹೋಗುತ್ತಿದ್ದ ಶಾಲಾ ಮಕ್ಕಳು ಯಾರೂ ಗದರಿಸದೆಯೇ ಎರಡು ಸಾಲಾಗಿ ಒಡೆದು, ನಡುವಿನ ಕಲ್ಲುಗಳನ್ನು ಖಾಲಿ ಬಿಟ್ಟು ನಡೆದರು. ಒಂದು ಕೋಟಿಗೆ ಹತ್ತಿರದ ಜನಸಂಖ್ಯೆಯ, ನೆಲದ ಬೆಲೆ ಗಗನಕ್ಕೇರಿರುವ ನಗರವೊಂದು ತನ್ನ ನಡುಮಧ್ಯದಲ್ಲಿ ಸತ್ತವರಿಗಾಗಿ ಇಷ್ಟು ಜಾಗವನ್ನು ತೆರವಾಗಿ ಇಟ್ಟುಕೊಂಡಿದೆ ಎನ್ನುವುದು ಆ ಹೊತ್ತಿನಿಂದ ನನ್ನ ತಲೆಯಲ್ಲಿ ಉಳಿಯಿತು. ಅದೇ ವಾರ ಕೊರಿಯಾದ ಪತ್ರಿಕೆಗಳ ಮುಖಪುಟದಲ್ಲಿದ್ದ ಜಗಳವೂ ಇಂಥದೇ ಒಂದು ತೆರವಿನ ಬಗ್ಗೆ. ಈ ಮಂದಿರದ ಎದುರು, ರಸ್ತೆಯ ಆಚೆಗೆ, ಎಷ್ಟು ಎತ್ತರದ ಕಟ್ಟಡ ಏಳಬಹುದು?

ಪ್ರಶ್ನೆಯ ತೂಕ ತಿಳಿಯಬೇಕಾದರೆ ಜೊಂಗ್ಮ್ಯೊ ಏನೆಂಬುದನ್ನು ಮೊದಲು ತಿಳಿಯಬೇಕು. ಕೊರಿಯಾವನ್ನು ಆಳಿದ ಜೊಸೊನ್ ವಂಶದ ಮೊದಲ ಅರಸ ತೇಜೊ ತನ್ನ ರಾಜಧಾನಿಯನ್ನು ಇಂದಿನ ಸೋಲ್ ಇರುವ ಜಾಗಕ್ಕೆ ತಂದ 1394ರಲ್ಲಿಯೇ ಅರಮನೆಯ ಜೊತೆಜೊತೆಗೆ ಪೂರ್ವಜರ ಈ ಮಂದಿರವನ್ನೂ ಕಟ್ಟಿಸಲು ತೊಡಗಿದ. ಮರುವರ್ಷ ಅದು ಮುಗಿಯಿತು. 1592ರ ಜಪಾನಿ ದಾಳಿಯಲ್ಲಿ ಸುಟ್ಟುಹೋದದ್ದನ್ನು 1608ರಲ್ಲಿ ಮತ್ತೆ ಕಟ್ಟಿದರು. ಜೊಂಗ್‌ಜೊನ್ ಎಂದು ಕರೆಯುವ ಮುಖ್ಯ ಮಂದಿರದಲ್ಲಿ ವಿಗ್ರಹಗಳಿಲ್ಲ. 19 ಕೋಣೆಗಳಲ್ಲಿ 19 ಅರಸರ ಮತ್ತು 30 ಅರಸಿಯರ ಹೆಸರಿನ 49 ಮರದ ಫಲಕಗಳಿವೆ. ಸತ್ತವರ ಆತ್ಮ ಆ ಫಲಕಗಳಲ್ಲಿ ನೆಲೆಸುತ್ತದೆ ಎಂಬುದು ನಂಬಿಕೆ. ಪ್ರತಿವರ್ಷ ಮೇ ತಿಂಗಳ ಮೊದಲ ಭಾನುವಾರ ಜೊಸೊನ್ ವಂಶಸ್ಥರು ಇಲ್ಲಿ ಮಹಾಪೂಜೆ ನಡೆಸುತ್ತಾರೆ, ವಾದ್ಯ ಮತ್ತು ನೃತ್ಯ ಅದರ ಅಂಗವೇ ಆಗಿವೆ. 1995ರಲ್ಲಿ ಕೊರಿಯಾದಿಂದ ಮೊದಲ ಬಾರಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೂರು ತಾಣಗಳಲ್ಲಿ ಜೊಂಗ್ಮ್ಯೊ ಒಂದು.

ಈ ಮಂದಿರದ ವಿಶೇಷ ಅದು ಬೆಳೆದ ರೀತಿಯಲ್ಲಿದೆ. ಮೊದಲು ಇದ್ದದ್ದು ಏಳು ಕೋಣೆ. ಅರಸರು ಗತಿಸುತ್ತ ಹೋದಂತೆ ಫಲಕಗಳಿಗೆ ಸ್ಥಳ ಸಾಲದಾಗಿ ಒಂದೇ ಬದಿಗೆ ಕೋಣೆಗಳನ್ನು ಸೇರಿಸುತ್ತ ಹೋದರು. 1608ರಲ್ಲಿ 11, 1726ರಲ್ಲಿ 15, 1836ರಲ್ಲಿ 19. ಹೀಗೆ ನಾಲ್ಕು ಶತಮಾನಗಳಿಗೂ ಮಿಕ್ಕಿ ಉದ್ದವಾಗುತ್ತಲೇ ಹೋದ ಕಟ್ಟಡ ಇಂದು 101 ಮೀಟರ್ ಇದೆ. ಪರಂಪರೆ ಎಂದರೆ ಬದಲಾಗದೆ ನಿಂತದ್ದು ಎಂಬ ನಮ್ಮ ಸಾಮಾನ್ಯ ಗ್ರಹಿಕೆಗೆ ಇದು ಒಗ್ಗುವುದಿಲ್ಲ. ಜೊಂಗ್ಮ್ಯೊ ಬದಲಾಗುತ್ತಲೇ ಬಂದಿದೆ, ಆದರೆ ಅಡ್ಡಡ್ಡಕ್ಕೆ ಬೆಳೆದಿದೆಯೇ ಹೊರತು ಒಂದು ಮೊಳವೂ ಮೇಲಕ್ಕೆ ಹೋಗಿಲ್ಲ. ಕೆತ್ತನೆ ಇಲ್ಲ, ಅರಮನೆಗಳ ಬಣ್ಣಬಣ್ಣದ ಚಿತ್ತಾರವಿಲ್ಲ. ಕೆಮ್ಮಣ್ಣು ಬಣ್ಣದ ಕಂಬಗಳ ಒಂದೇ ಸಾಲು, ಅದರ ಮೇಲೆ ನಾಡಹೆಂಚಿನಂಥ ಕಪ್ಪು ಹೆಂಚಿನ ನೀಳ ಇಳಿಜಾರು, ಅದರ ಮುಂದೆ ನೂರು ಮೀಟರಿಗೂ ಉದ್ದದ ಬಯಲು ಕಲ್ಲಿನ ಜಗುಲಿ, ಅಷ್ಟೇ. ಜಗುಲಿಯ ಕಲ್ಲುಗಳನ್ನು ಬೇಕೆಂದೇ ನಯಗೊಳಿಸಿಲ್ಲ. ಬಗ್ಗಿ ನೋಡಿದರೆ ಅಲ್ಲಲ್ಲಿ ಕಲ್ಲಿಗೆ ಕೂರಿಸಿದ ಕಬ್ಬಿಣದ ಬಳೆಗಳು ಕಾಣುತ್ತವೆ. ಪೂಜೆಯ ದಿನ ಬಿಸಿಲು ತಡೆಯಲು ಕಟ್ಟುತ್ತಿದ್ದ ಚಪ್ಪರದ ಹಗ್ಗಗಳಿಗೆ ಅವು ಆಸರೆ. ಒಂದು ಬಳೆಯೊಳಗೆ ಬೆರಳು ತೂರಿಸಿ ನೋಡಿದೆ. ಒಳಬದಿ ಹಗ್ಗ ತಿಕ್ಕಿ ತಿಕ್ಕಿ ನುಣುಪಾದಂತಿತ್ತು.

ಫಲಕಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿವೆ. ಜಗುಲಿಯ ಮೇಲೆ ಮಂದಿರಕ್ಕೆ ಬೆನ್ನು ಕೊಟ್ಟು ನಿಂತರೆ ಅರಸರ ಆತ್ಮಗಳು ಏನನ್ನು ನೋಡುತ್ತಿವೆಯೋ ಅದನ್ನೇ ನಾವೂ ನೋಡುತ್ತೇವೆ: ತಗ್ಗಾದ ಗೋಡೆ, ಅದರಾಚೆ ಮರಗಳ ತುದಿ, ಅಲ್ಲಿಂದ ಮೇಲೆ ಆಕಾಶ. ನಗರದ ಸದ್ದು ಗೋಡೆಯಾಚೆಯೇ ಉಳಿದುಬಿಡುತ್ತದೆ. ಈಗಿನ ವಿವಾದ ಈ ದಕ್ಷಿಣದ ನೋಟಕ್ಕೆ ಸಂಬಂಧಿಸಿದ್ದು.

ಜೊಂಗ್ಮ್ಯೊದ ಹೆಬ್ಬಾಗಿಲು ದಾಟಿ, ಎದುರಿನ ಉದ್ಯಾನವನ್ನೂ ಜೊಂಗ್ನೊ ಎಂಬ ದೊಡ್ಡ ರಸ್ತೆಯನ್ನೂ ದಾಟಿದರೆ ಸಿಗುವುದು ಸೆವೂನ್ ಪ್ರದೇಶ. ಅದರ ನಾಲ್ಕನೆಯ ವಲಯ ಎಂದು ಗುರುತಿಸಲಾದ ಜಾಗವನ್ನು ಪುನರಭಿವೃದ್ಧಿ ಮಾಡುವ ಯೋಜನೆ 2004ರಿಂದಲೂ ಇದೆ. ಮೊದಲ ಯೋಜನೆಯ ಕಟ್ಟಡಗಳು 120 ಮೀಟರಿಗೂ ಎತ್ತರವಾಗಿದ್ದವು. ಕೊರಿಯಾ ಸರ್ಕಾರದ ಪರಂಪರೆ ಸಮಿತಿಯ ಮುಂದೆ ವರ್ಷಗಟ್ಟಲೆ ನಡೆದ ಚೌಕಾಸಿಯ ನಂತರ ಜೊಂಗ್ನೊ ರಸ್ತೆಯ ಬದಿಗೆ 55 ಮೀಟರ್, ಹಿಂಬದಿಯ ಚೊಂಗ್ಯೆಚೊನ್ ಹೊಳೆಯ ಕಡೆಗೆ 71.9 ಮೀಟರ್ ಎಂಬ ಮಿತಿಗೆ ಎಲ್ಲರೂ ಒಪ್ಪಿದ್ದರು. 2025ರ ಅಕ್ಟೋಬರ್ 30ರಂದು ಸೋಲ್ ನಗರಾಡಳಿತ ಆ ಮಿತಿಯನ್ನು ಕ್ರಮವಾಗಿ 98.7 ಮತ್ತು 141.9 ಮೀಟರಿಗೆ ಏರಿಸಿತು. ಅಂದರೆ ಹೆಚ್ಚುಕಡಿಮೆ ಎರಡರಷ್ಟು. ವಾರ ಕಳೆಯುವುದರೊಳಗೆ, ನವೆಂಬರ್ 6ರಂದು, ಬೇರೊಂದು ಆದರೆ ಇದಕ್ಕೆ ನೇರವಾಗಿ ತಾಗುವ ಪ್ರಕರಣದಲ್ಲಿ ಕೊರಿಯಾದ ಸುಪ್ರೀಂ ಕೋರ್ಟ್ ತೀರ್ಪು ನೀಡಿತು.

ಆ ಪ್ರಕರಣದ ತಿರುಳು ಹೀಗಿದೆ. ಸೋಲ್‌ನಲ್ಲಿ ರಾಷ್ಟ್ರೀಯ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗಿನ ಜಾಗ ಸಂರಕ್ಷಣಾ ವಲಯ. ಅಲ್ಲಿ ಕಟ್ಟುವುದಕ್ಕೆ ಪರಂಪರೆ ಇಲಾಖೆಯ ಪರಿಶೀಲನೆ ಬೇಕು. ಆ ವಲಯದ ಆಚೆಗೂ ಸ್ಮಾರಕಕ್ಕೆ ಧಕ್ಕೆ ತರಬಹುದಾದ ಕಟ್ಟಡವಿದ್ದರೆ ಅದನ್ನು ಪರಿಶೀಲಿಸಬೇಕು ಎಂಬ ಒಂದು ಕಲಮು ನಗರದ ಉಪನಿಯಮದಲ್ಲಿತ್ತು. 2023ರಲ್ಲಿ ನಗರ ಪರಿಷತ್ತು ಅದನ್ನು ತೆಗೆದುಹಾಕಿತು. ಪರಂಪರೆ ಇಲಾಖೆಯನ್ನು ಕೇಳದೆ ಹೀಗೆ ಮಾಡಿದ್ದು ಕಾನೂನುಬಾಹಿರ ಎಂದು ಸಂಸ್ಕೃತಿ ಸಚಿವಾಲಯ ದಾವೆ ಹೂಡಿತ್ತು. ಇಲ್ಲ, ಪರಿಷತ್ತಿಗೆ ಆ ಅಧಿಕಾರ ಇದೆ ಎಂದು ಕೋರ್ಟ್ ಹೇಳಿತು. ಸೆವೂನ್ ನಾಲ್ಕನೆಯ ವಲಯ ಜೊಂಗ್ಮ್ಯೊ ಗಡಿಯಿಂದ ಸುಮಾರು 180 ಮೀಟರ್ ದೂರದಲ್ಲಿದೆ. ಆದ್ದರಿಂದ ನೂರು ಮೀಟರಿನ ಗೆರೆ ಅದನ್ನು ಮುಟ್ಟುವುದಿಲ್ಲ.

ತೀರ್ಪನ್ನು ಓದುವಾಗ ಒಂದು ಅಂಶವನ್ನು ಗಮನಿಸಬೇಕು. ಆ ಎತ್ತರದ ಗೋಪುರಗಳು ಜೊಂಗ್ಮ್ಯೊಗೆ ಹಾನಿ ಮಾಡುವುದಿಲ್ಲ ಎಂದು ನ್ಯಾಯಾಲಯ ಎಲ್ಲಿಯೂ ಹೇಳಿಲ್ಲ. ಅದರ ಮುಂದೆ ಇದ್ದದ್ದು ಅಧಿಕಾರದ ಪ್ರಶ್ನೆ ಮಾತ್ರ. ಆದರೆ ಸಾರ್ವಜನಿಕ ಚರ್ಚೆಯಲ್ಲಿ ಈ ವ್ಯತ್ಯಾಸ ಬೇಗನೆ ಮಸುಕಾಯಿತು. ತೀರ್ಪು ಬಂದ ಕೆಲವೇ ದಿನಗಳಲ್ಲಿ ಪ್ರಧಾನಿ ಕಿಮ್ ಮಿನ್-ಸೊಕ್ ಸ್ವತಃ ಜೊಂಗ್ಮ್ಯೊಗೆ ಬಂದು ಯೋಜನೆಯನ್ನು ಟೀಕಿಸಿದರು. ಮೇಯರ್ ಓ ಸೆ-ಹೂನ್ ಬಹಿರಂಗ ಚರ್ಚೆಗೆ ಬನ್ನಿ ಎಂದರು. ನವೆಂಬರ್ 13ರಂದು ಪರಂಪರೆ ಸಮಿತಿ ಜೊಂಗ್ಮ್ಯೊದ ಸುಮಾರು 19.4 ಹೆಕ್ಟೇರ್ ಪ್ರದೇಶವನ್ನು 'ವಿಶ್ವ ಪರಂಪರೆ ವಲಯ' ಎಂದು ಗೊತ್ತುಪಡಿಸಲು ಒಪ್ಪಿತು. ಇದರ ಉದ್ದೇಶ ಸ್ಪಷ್ಟವಿದೆ: ವಲಯದ ಹೊರಗೆ ನಡೆಯುವ ಕಾಮಗಾರಿಗೂ ಪರಂಪರೆಯ ಮೇಲಿನ ಪರಿಣಾಮದ ಮೌಲ್ಯಮಾಪನ ಆಗಬೇಕೆಂದು ಕೇಳಲು ವಿಶ್ವ ಪರಂಪರೆಯ ವಿಶೇಷ ಕಾಯ್ದೆಯಡಿ ಕಾನೂನಿನ ಆಧಾರ ಸಿಗುತ್ತದೆ. ಅಂಥ ಮೌಲ್ಯಮಾಪನ ಮುಗಿಯುವ ತನಕ ಅನುಮತಿ ತಡೆಹಿಡಿಯಿರಿ ಎಂದು ಯುನೆಸ್ಕೊ ಕಡೆಯಿಂದಲೂ ಪತ್ರ ಬಂದಿತು. ಯುನೆಸ್ಕೊದ ವಿಶ್ವ ಪರಂಪರೆ ಸಮಿತಿಯ 2026ರ ಜುಲೈ ಅಧಿವೇಶನದ ಆತಿಥ್ಯ ಕೊರಿಯಾದ್ದೇ ಆದ ಬುಸಾನ್ ನಗರಕ್ಕೆ ಸಿಕ್ಕಿದ್ದರಿಂದ ಈ ಪತ್ರಕ್ಕೆ ಇನ್ನಷ್ಟು ಭಾರ ಬಂತು.

ನಗರಾಡಳಿತದ ವಾದ ತಳ್ಳಿಹಾಕುವಂಥದ್ದಲ್ಲ, ಅದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಅದಕ್ಕೆ ಸೆವೂನ್ ಜಾಗದ ಕಥೆ ಬೇಕು. 1945ರಲ್ಲಿ ಅಮೆರಿಕದ ವಿಮಾನಗಳು ಬಾಂಬ್ ಹಾಕಿದರೆ ಬೆಂಕಿ ಹಬ್ಬದಿರಲಿ ಎಂದು ಜಪಾನಿ ಆಡಳಿತ ಜೊಂಗ್ಮ್ಯೊ ಎದುರಿನಿಂದ ದಕ್ಷಿಣಕ್ಕೆ ಉದ್ದಾನುದ್ದ ಮನೆಗಳನ್ನು ಕೆಡವಿ ಬಯಲು ಮಾಡಿತು. ಕೊರಿಯಾ ಯುದ್ಧದ ನಂತರ ಆ ಬಯಲಿನಲ್ಲಿ ನಿರಾಶ್ರಿತರ ಗುಡಿಸಲುಗಳೆದ್ದವು. 1960ರ ದಶಕದ ಕೊನೆಯಲ್ಲಿ ಗುಡಿಸಲುಗಳನ್ನು ತೆಗೆದು, ವಾಸ್ತುಶಿಲ್ಪಿ ಕಿಮ್ ಸೂ-ಗುನ್ ಅವರ ವಿನ್ಯಾಸದಂತೆ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ಕೆಳಗೆ ಅಂಗಡಿ, ಮೇಲೆ ವಸತಿ ಇರುವ ಕಾಂಕ್ರೀಟ್ ಸಂಕೀರ್ಣಗಳ ಸಾಲನ್ನೇ ಕಟ್ಟಿದರು. ಅದೇ ಸೆವೂನ್ ಸಾಂಗಾ. ಕೆಲ ಕಾಲ ಅದು ಸೋಲ್‌ನ ಹೆಮ್ಮೆ. ರೇಡಿಯೊ, ಟೀವಿ, ಮುಂದೆ ಕಂಪ್ಯೂಟರ್ ಬಿಡಿಭಾಗ, ಏನು ಬೇಕಾದರೂ ಅಲ್ಲಿ ಸಿಗುತ್ತಿತ್ತು; ಸೆವೂನ್ ಒಂದು ಸುತ್ತು ಹಾಕಿದರೆ ಜಲಾಂತರ್ಗಾಮಿಯನ್ನೂ ಕಟ್ಟಬಹುದು ಎಂಬ ಮಾತು ಇಂದಿಗೂ ಸೋಲ್ ಜನರ ಬಾಯಲ್ಲಿದೆ. ಎಲೆಕ್ಟ್ರಾನಿಕ್ಸ್ ವ್ಯಾಪಾರ ಬೇರೆಡೆಗೆ ಸರಿದಂತೆ ಕಟ್ಟಡಗಳು ಸೊರಗಿದವು.

ಆಮೇಲೆ ನಡೆದದ್ದು ನೀತಿಯ ಜೋಕಾಲಿ. ಓ ಸೆ-ಹೂನ್ ಮೊದಲ ಸಲ ಮೇಯರ್ ಆಗಿದ್ದಾಗ ಇಡೀ ಸಾಲನ್ನು ಕೆಡವಿ ಜೊಂಗ್ಮ್ಯೊದಿಂದ ನಾಮ್ಸಾನ್ ಬೆಟ್ಟದವರೆಗೆ ಹಸಿರು ಪಟ್ಟಿ ಮಾಡುವ ಯೋಜನೆ ಹಾಕಿದರು. 2009ರಲ್ಲಿ ಒಂದು ಕಟ್ಟಡ ಉರುಳಿ ಸಣ್ಣ ಉದ್ಯಾನವೂ ಆಯಿತು. ನಂತರ ಬಂದ ಪಾರ್ಕ್ ವೊನ್-ಸೂನ್ 2014ರಲ್ಲಿ ಅದನ್ನು ಕೈಬಿಟ್ಟು, ಇರುವ ಕಟ್ಟಡಗಳನ್ನೇ ದುರಸ್ತಿ ಮಾಡಿ ಅವನ್ನು ಜೋಡಿಸುವ ಎತ್ತರದ ಕಾಲುದಾರಿ ಹಾಕಿಸಲು ಮುಂದಾದರು. ಆ ಕಾಲುದಾರಿಯ ಮೊದಲ ಭಾಗ 2017ರಲ್ಲಿ ತೆರೆಯಿತು, ಪೂರ್ತಿಗೊಂಡದ್ದು 2022ರಲ್ಲಿ. ಅಷ್ಟರಲ್ಲಿ ಓ ಮತ್ತೆ ಮೇಯರ್ ಆಗಿ ಬಂದಿದ್ದರು. ಹೊಸದಾಗಿ ಮುಗಿದ ಕಾಲುದಾರಿ ಸಮೇತ ಎಲ್ಲವನ್ನೂ ತೆಗೆಯುವ ಹಳೆಯ ಯೋಜನೆ ಮರಳಿ ಮೇಜಿನ ಮೇಲೆ ಬಂತು. 2023ರಲ್ಲಿ ಸೆವೂನ್ ಸಾಂಗಾದ ಹೊರಗೋಡೆಯ ಕಲ್ಲಿನ ತುಂಡು ಕಳಚಿಬಿದ್ದು ವ್ಯಾಪಾರಿಯೊಬ್ಬರು ಗಾಯಗೊಂಡ ಮೇಲೆ, ಕಟ್ಟಡ ಅಪಾಯದ ಸ್ಥಿತಿಯಲ್ಲಿದೆ ಎಂಬ ವಾದವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಹಸಿರು ಪಟ್ಟಿಗೆ ದುಡ್ಡು ಬೇಕು. ಅಕ್ಕಪಕ್ಕದ ಜಾಗಗಳಲ್ಲಿ ಹೆಚ್ಚು ಎತ್ತರಕ್ಕೆ, ಅಂದರೆ ಹೆಚ್ಚು ವಿಸ್ತೀರ್ಣಕ್ಕೆ ಅವಕಾಶ ಕೊಟ್ಟು, ಆ ಲಾಭದ ಪಾಲಿನಿಂದ ಸೆವೂನ್ ಸಾಂಗಾವನ್ನು ಕೊಂಡು ಕೆಡವಬೇಕು ಎಂಬುದು ನಗರಾಡಳಿತದ ಲೆಕ್ಕ. ಮಂದಿರದಿಂದ ಗೋಪುರಗಳು ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ದೂರ ಇರುತ್ತವೆ. ಜೊಂಗ್ಮ್ಯೊ ಗಡಿಯಿಂದ 27 ಡಿಗ್ರಿ ಕೋನದಲ್ಲಿ ಎಳೆದ ಗೆರೆಗೆ ತಕ್ಕಂತೆ ಎತ್ತರ ಹಂತಹಂತವಾಗಿ ಏರುತ್ತದೆ. ಅಡ್ಡ ನಿಂತಿರುವ ಕಾಂಕ್ರೀಟ್ ಸಾಲು ಹೋದರೆ ಜೊಂಗ್ಮ್ಯೊದ ಎದುರು ಈಗಿಗಿಂತ ಹೆಚ್ಚೇ ತೆರವಾಗುತ್ತದೆ ಎಂದು ಅದು ಹೇಳುತ್ತದೆ. ಈ ಕೊನೆಯ ಮಾತಿನಲ್ಲಿ ಸತ್ಯವಿದೆ. ಹೆಬ್ಬಾಗಿಲಿನ ಬಳಿ ನಿಂತು ದಕ್ಷಿಣಕ್ಕೆ ನೋಡಿದರೆ ಸೆವೂನ್ ಸಾಂಗಾದ ಬೂದು ಮೈ ಎದುರಾಗುತ್ತದೆ, ಅದು ಯಾರ ಕಣ್ಣಿಗೂ ಹಿತವಲ್ಲ.

ಆದರೂ ನನಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಜೊಂಗ್ಮ್ಯೊದ ಮೌಲ್ಯ ಇರುವುದು ಅದರ ಅಡ್ಡಡ್ಡದ ಉದ್ದದಲ್ಲಿ, ಆ ಉದ್ದವನ್ನು ಕಾಣಿಸುವ ಖಾಲಿಯಲ್ಲಿ. ದಕ್ಷಿಣದ ಮರಗಳ ತುದಿಯ ಮೇಲೆ 140 ಮೀಟರಿನ ಗಾಜಿನ ಗೋಪುರಗಳು ಇಣುಕಿದರೆ ನೂರು ಮೀಟರ್ ಉದ್ದದ ಜಗುಲಿ ಒಂದು ದೊಡ್ಡ ಅಂಗಳದಷ್ಟಾಗಿ ಕುಗ್ಗುತ್ತದೆ. ಈ ಮಾತನ್ನು 1995ರಲ್ಲೇ ಪರಿಣತರು ಮುಂಗಂಡಿದ್ದರು: ತಾಣದ ನೋಟಕ್ಕೆ ಧಕ್ಕೆ ತರುವಂಥ ಎತ್ತರದ ಕಟ್ಟಡಗಳಿಗೆ ಸುತ್ತಲಿನ ಪ್ರದೇಶದಲ್ಲಿ ಅನುಮತಿ ಕೊಡುವುದಿಲ್ಲ ಎಂಬ ಖಾತರಿ ಬೇಕೆಂದು ಪಟ್ಟಿಗೆ ಸೇರಿಸುವಾಗಿನ ಮೌಲ್ಯಮಾಪನ ಶಿಫಾರಸು ಮಾಡಿತ್ತು. ಅದರಲ್ಲಿ ಮೀಟರಿನ ಲೆಕ್ಕ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಗೆರೆಯೊಂದನ್ನು ಎಳೆದು ಅದರಾಚೆಗಿನದು ನಮಗೆ ಸಂಬಂಧವಿಲ್ಲ ಎನ್ನುವುದು ಕಾನೂನಿನ ಅನುಕೂಲ. ಕಣ್ಣಿಗೆ ಗೆರೆ ಗೊತ್ತಿಲ್ಲ. ನಮ್ಮ ದೇಶದಲ್ಲೂ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂಬ ನಿಯಮ 1992ರ ಅಧಿಸೂಚನೆಯಿಂದ ಬಂದು 2010ರಲ್ಲಿ ಕಾಯ್ದೆಯೊಳಗೇ ಸೇರಿತು. ಪುಟ್ಟ ಗುಡಿಗೂ ಅದೇ ಗೆರೆ, ಮೈಲುಗಟ್ಟಲೆ ಹರಡಿದ ಹಂಪಿಯಂಥ ನೆಲಕ್ಕೂ ಅದೇ ಗೆರೆ ಎಂಬ ಕಷ್ಟವನ್ನು ನಾವೂ ಬಲ್ಲೆವು.

ಗೆರೆ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದಕ್ಕೆ ಸೋಲ್ ಪಕ್ಕದಲ್ಲೇ ಉದಾಹರಣೆಯಿದೆ. ಗಿಂಪೊ ಊರಿನ ಜಾಂಗ್ನುಂಗ್ ಎಂಬ ರಾಜಸಮಾಧಿ 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಜೊಸೊನ್ ಸಮಾಧಿಗಳಲ್ಲಿ ಒಂದು. ಅದರ ಎದುರು ಎತ್ತರದ ಅಪಾರ್ಟ್‌ಮೆಂಟ್‌ಗಳು ಎದ್ದು, ಸಮಾಧಿಯಿಂದ ದೂರದ ಬೆಟ್ಟದ ಕಡೆಗಿದ್ದ ನೋಟವನ್ನು ಮುಚ್ಚಿದವು. 2021ರಲ್ಲಿ ಪರಂಪರೆ ಇಲಾಖೆ ಕೆಲಸ ನಿಲ್ಲಿಸಲು ಆದೇಶಿಸಿದಾಗ ಗೋಪುರಗಳು ಪೂರ್ತಿ ಎತ್ತರಕ್ಕೆ ನಿಂತಾಗಿತ್ತು, ಮನೆ ಕೊಂಡವರು ಹಣ ಕಟ್ಟಿ ಕಾಯುತ್ತಿದ್ದರು. ನ್ಯಾಯಾಲಯಗಳು ಕಟ್ಟಿದವರ ಪರವಾಗಿ ನಿಂತವು. 2022ರಲ್ಲಿ ಜನ ಒಕ್ಕಲು ಬಂದರು. ಇಲ್ಲಿ ತಪ್ಪು ಯಾರದೆಂದು ಹುಡುಕುವುದಕ್ಕಿಂತ ಒಂದು ವಿಷಯ ಮುಖ್ಯವೆನಿಸುತ್ತದೆ: ಕಾಂಕ್ರೀಟ್ ಹಾಕಿದ ಮೇಲೆ ಪರಂಪರೆಯ ಪರ ವಾದಿಸುವುದರಲ್ಲಿ ಅರ್ಥ ಉಳಿಯುವುದಿಲ್ಲ. ಹಂಪಿಯಲ್ಲಿ ಇದನ್ನು ಕನ್ನಡಿಗರು ಕಂಡಿದ್ದೇವೆ. ಆನೆಗೊಂದಿಗೆ ಹೋಗಲು ತಳವಾರಘಟ್ಟದ ಬಳಿ ತುಂಗಭದ್ರೆಗೆ ಕಟ್ಟತೊಡಗಿದ ಸೇತುವೆಯ ಕಾರಣಕ್ಕೆ ಹಂಪಿ 1999ರಲ್ಲಿ ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಗೆ ಹೋಯಿತು, 2006ರಲ್ಲಿ ಹೊರಬಂತು, ಮುಗಿಯದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ಆ ದಡದ ಜನರಿಗೆ ಸೇತುವೆ ನಿಜವಾಗಿಯೂ ಬೇಕಾಗಿತ್ತು. ಅಷ್ಟು ವರ್ಷ ನೋಟದ ಬಗ್ಗೆ ನಡೆದ ಚರ್ಚೆಯಲ್ಲಿ ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದವರ ಮಾತು ಕೇಳಿದ್ದು ಕಡಿಮೆ.

ಸೆವೂನ್‌ನಲ್ಲೂ ಅಂಥವರಿದ್ದಾರೆ. ಮಂದಿರದಿಂದ ಹೊರಬಿದ್ದು ರಸ್ತೆ ದಾಟಿ ನಾನು ಆ ಓಣಿಗಳಿಗೆ ಹೋದೆ. ನಾಲ್ಕನೆಯ ವಲಯದ ಜಾಗ ಈಗಾಗಲೇ ಬೇಲಿಯೊಳಗಿದೆ. ಅಂಗಡಿಗಳನ್ನು ತೆಗೆದು, ನೆಲ ಅಗೆದು ನೋಡಿದಾಗ ಜೊಸೊನ್ ಕಾಲದ ಓಣಿಗಳೂ ಚರಂಡಿಗಳೂ ಹೊರಬಿದ್ದಿವೆ. ಆದರೆ ಹೊಳೆ ದಾಟಿ ದಕ್ಷಿಣಕ್ಕೆ ಉಲ್ಜಿರೊ ಕಡೆಗೆ ಹೋದರೆ ಉಳಿದಿರುವ ಲೋಹದ ಕೆಲಸದ ಓಣಿಗಳು ಇನ್ನೂ ಉಸಿರಾಡುತ್ತಿವೆ. ಎರಡಾಳು ನಿಂತರೆ ತುಂಬಿಹೋಗುವ ಒಂದು ಅಂಗಡಿಯಲ್ಲಿ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಲೇತ್ ಮುಂದೆ ನಿಂತಿದ್ದರು. ಕೆಲಸದ ನಕ್ಷೆ ಎಂದರೆ ರಟ್ಟಿನ ಡಬ್ಬಿಯ ಹರಿದ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ವೃತ್ತ ಮತ್ತು ಮೂರು ಅಂಕಿ. ಹಿತ್ತಾಳೆಯ ಸುರುಳಿ ಸುರುಳಿ ಸಿಪ್ಪೆ ಅವರ ಬೂಟಿನ ಮೇಲೆ ಬೀಳುತ್ತಿತ್ತು. ತುಂಡು ತಿರುಗಿಸಿ ಮುಗಿದೊಡನೆ ಅದನ್ನು ಚಿಂದಿಯಲ್ಲಿ ಒರೆಸಿ, ಓಣಿಯಾಚೆಯ ಇನ್ನೊಂದು ಅಂಗಡಿಗೆ ಕಳಿಸಿದರು. ಅಲ್ಲಿ ತೂತು ಕೊರೆಯುತ್ತಾರೆ, ಮತ್ತೊಂದರಲ್ಲಿ ಹೊಳಪು ಕೊಡುತ್ತಾರೆ, ಕೊನೆಗೆ ಅದು ಮೋಟಾರ್ ಸೈಕಲ್ಲಿನ ಹಿಂಬದಿಯ ಕ್ರೇಟಿನಲ್ಲಿ ಕೂತು ಹೊರಟುಹೋಗುತ್ತದೆ.

ಇಂಥ ಓಣಿ ಒಂದು ಕಾರ್ಖಾನೆ ಇದ್ದಂತೆ, ಅದರ ಯಂತ್ರಗಳು ಬೇರೆ ಬೇರೆ ಮಾಲೀಕರ ಷಟರ್‌ಗಳ ಹಿಂದೆ ಇವೆ ಅಷ್ಟೇ. ಒಂದು ಅಂಗಡಿಯನ್ನು ನಗರದ ಹೊರಗೆ ಹೆಚ್ಚು ಅನುಕೂಲದ ಜಾಗಕ್ಕೆ ಸ್ಥಳಾಂತರಿಸಿದರೂ ಅದು ಅರ್ಧ ಸತ್ತಂತೆಯೇ, ಏಕೆಂದರೆ ಪಕ್ಕದ ಅಂಗಡಿ ಜೊತೆಗೆ ಬರುವುದಿಲ್ಲ. ಇಲ್ಲಿ ಕೆಲಸ ಮಾಡುವವರಲ್ಲಿ ಬಹುಪಾಲು ಬಾಡಿಗೆದಾರರು. ಪುನರಭಿವೃದ್ಧಿಯ ಲಾಭನಷ್ಟದ ಲೆಕ್ಕದಲ್ಲಿ ಭೂಮಾಲೀಕನಿಗೆ ಇರುವ ಸ್ಥಾನ ಅವರಿಗಿಲ್ಲ. ಪರಂಪರೆಯವರ ಪಟ್ಟಿಯಲ್ಲೂ ಇಲ್ಲ. ಕಟ್ಟಡದ ಎತ್ತರ 72 ಮೀಟರೋ 142 ಮೀಟರೋ ಎಂಬ ಜಗಳದಲ್ಲಿ ಯಾರೇ ಗೆದ್ದರೂ ಲೇತ್ ಇದ್ದ ಜಾಗದಲ್ಲಿ ಲೇತ್ ಇರುವುದಿಲ್ಲ. ಜೊಂಗ್ಮ್ಯೊ ಉಳಿಯಬೇಕೆಂದು ಬಯಸುವ ನನ್ನಂಥವರು ಈ ಮಾತನ್ನು ಹೇಳದೆ ಬಿಟ್ಟರೆ ಅದು ಪ್ರಾಮಾಣಿಕತೆಯಲ್ಲ.

ನಾಲ್ಕನೆಯ ವಲಯದ ಭೂಮಾಲೀಕರ ಸಂಕಟವೂ ನಿಜವೇ. ಇಪ್ಪತ್ತು ವರ್ಷದಲ್ಲಿ ಯೋಜನೆ ಎಷ್ಟೋ ಸಲ ಬದಲಾಯಿತು. ಅಂಗಡಿಗಳನ್ನು ಖಾಲಿ ಮಾಡಿಸಿದ ಮೇಲೆ ಬಾಡಿಗೆ ನಿಂತಿತು, ಸಾಲದ ಬಡ್ಡಿ ನಿಲ್ಲಲಿಲ್ಲ. ಪರಂಪರೆಯ ಖರ್ಚನ್ನು ಹೀಗೆ ಕೆಲವೇ ಜನರ ಹೆಗಲ ಮೇಲೆ ಹೊರಿಸಿ ಅದನ್ನು ಎಲ್ಲರ ಹೆಮ್ಮೆ ಎಂದು ಕರೆಯುವುದು ಅನ್ಯಾಯ, ಮತ್ತು ಅದು ಪರಂಪರೆಗೇ ಅಪಾಯ. ಸೋಲ್‌ಗೆ ಇದರ ಕಹಿ ನೆನಪಿದೆ. 2008ರ ಫೆಬ್ರುವರಿ 10ರ ರಾತ್ರಿ ನಗರದ ದಕ್ಷಿಣದ ಮಹಾದ್ವಾರ ಸುಂಗ್‌ನ್ಯೆಮುನ್ ಹೊತ್ತಿ ಉರಿಯಿತು. ಬೆಂಕಿ ಇಟ್ಟವನು ತನ್ನ ಜಮೀನಿಗೆ ಸಿಕ್ಕ ಪರಿಹಾರ ಸಾಲದೆಂದು ಸಿಟ್ಟಾಗಿದ್ದ ಒಬ್ಬ ವೃದ್ಧ. ದ್ವಾರವನ್ನು ಮತ್ತೆ ಕಟ್ಟಿ ತೆರೆಯುವ ಹೊತ್ತಿಗೆ 2013 ಬಂದಿತ್ತು. ಆತನ ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ನೆಲ ಕಳೆದುಕೊಂಡವರ ಸಿಟ್ಟು ಆರದೆ ಉಳಿದರೆ ಅದು ಯಾರ ಮೇಲೆ ತಿರುಗುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ದಾರಿ ಇದೆಯೇ? ಇದೆ, ಅದೂ ಜೊಂಗ್ಮ್ಯೊದಿಂದ ನಡೆದುಹೋಗುವಷ್ಟು ದೂರದಲ್ಲಿ. ಗೊಂಗ್‌ಪ್ಯೊಂಗ್ ಎಂಬಲ್ಲಿ ಎತ್ತರದ ಕಚೇರಿ ಕಟ್ಟಡಕ್ಕೆ ಪಾಯ ತೋಡುವಾಗ ಜೊಸೊನ್ ಕಾಲದ ಓಣಿಗಳೂ ಮನೆಗಳ ತಳಪಾಯಗಳೂ ಸಿಕ್ಕವು. ಅವನ್ನು ತುಂಡರಿಸಿ ಬೇರೆಡೆ ಸಾಗಿಸುವ ಬದಲು ಇದ್ದಲ್ಲೇ ಪೂರ್ತಿಯಾಗಿ ಉಳಿಸಿಕೊಳ್ಳಲು ಒಪ್ಪಿದ್ದಕ್ಕೆ ನಗರಾಡಳಿತ ಕಟ್ಟಡಕ್ಕೆ ಹೆಚ್ಚಿನ ವಿಸ್ತೀರ್ಣದ ಅನುಮತಿ ಕೊಟ್ಟಿತು. 2018ರಲ್ಲಿ ಆ ನೆಲಮಾಳಿಗೆ ಸಾರ್ವಜನಿಕ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಗಾಜಿನ ನೆಲದ ಮೇಲೆ ನಿಂತು ಕೆಳಗೆ ನೋಡಿದರೆ ಯಾರದೋ ಒಲೆಯ ಕಲ್ಲು, ಯಾರದೋ ಹೊಸ್ತಿಲು, ಎರಡು ಮನೆಗಳ ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಸರಿಯಲೇಬೇಕಾದಷ್ಟು ಸಣ್ಣ ಸಂದಿ. ಇದೇ ಆಸುಪಾಸಿನ ಇನ್ಸಾದೊಂಗ್‌ನಲ್ಲಿ ಹೀಗೆಯೇ ಅಗೆಯುವಾಗ ಮಡಕೆಯೊಳಗೆ ಸುಮಾರು 1,600 ಲೋಹದ ಅಚ್ಚುಮೊಳೆಗಳು ಸಿಕ್ಕ ಸುದ್ದಿ 2021ರಲ್ಲಿ ಬಂತು. ಕೊರಿಯಾದ ಹಾಂಗುಲ್ ಲಿಪಿಯ ಬಹಳ ಹಳೆಯ ಅಚ್ಚುಗಳು ಅವುಗಳಲ್ಲಿದ್ದವು. ಅಭಿವೃದ್ಧಿಯ ಹಾರೆ ಬೀಳದಿದ್ದರೆ ಅವು ಹೊರಬರುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಆದರೆ ಗೊಂಗ್‌ಪ್ಯೊಂಗ್ ಮಾದರಿಯನ್ನು ಜೊಂಗ್ಮ್ಯೊ ಎದುರಿಗೆ ಹಾಗೆಯೇ ತರಲಾಗದು. ಅಲ್ಲಿ ಪರಂಪರೆ ಇದ್ದದ್ದು ನೆಲದಡಿಯಲ್ಲಿ, ಅದರ ಬದಲಿಗೆ ಎತ್ತರ ಕೊಟ್ಟರೆ ಯಾರಿಗೂ ನಷ್ಟವಿರಲಿಲ್ಲ. ಇಲ್ಲಿ ಕಾಪಾಡಬೇಕಾದದ್ದೇ ಎತ್ತರದ ಮೇಲಿನ ಆಕಾಶ. ಆದ್ದರಿಂದ ಹೆಚ್ಚುವರಿ ವಿಸ್ತೀರ್ಣದ ಹಕ್ಕನ್ನು ಬೇರೆ ಜಾಗಕ್ಕೆ ಸಾಗಿಸಬೇಕು. ಟೋಕಿಯೊ ರೈಲು ನಿಲ್ದಾಣದ ಹಳೆಯ ಕೆಂಪು ಇಟ್ಟಿಗೆಯ ಕಟ್ಟಡವನ್ನು ತಗ್ಗಾಗಿಯೇ ಉಳಿಸಿ, ಅದರ ಮೇಲೆ ಕಟ್ಟಬಹುದಾಗಿದ್ದ ವಿಸ್ತೀರ್ಣವನ್ನು ಸುತ್ತಲಿನ ಗೋಪುರಗಳಿಗೆ ಮಾರಿ, ಆ ಹಣದಿಂದಲೇ 2012ರಲ್ಲಿ ಜೀರ್ಣೋದ್ಧಾರ ಮುಗಿಸಿದರು. ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಕೊಡುವ ಟಿಡಿಆರ್, ಅಂದರೆ ಬೇರೆಡೆಗೆ ವರ್ಗಾಯಿಸಬಹುದಾದ ಕಟ್ಟುವ ಹಕ್ಕಿನ ಹಿಂದಿರುವುದೂ ಇದೇ ತತ್ತ್ವ. ಸೋಲ್ ನಗರಾಡಳಿತವೇ 2025ರ ಆರಂಭದಲ್ಲಿ ಇಂಥ ವಿಸ್ತೀರ್ಣ ವರ್ಗಾವಣೆಯ ಪದ್ಧತಿಯನ್ನು, ಸ್ಮಾರಕಗಳ ಸುತ್ತ ಕಟ್ಟಲಾಗದೆ ಕೂತ ಜಾಗಗಳಿಗಾಗಿಯೂ, ತರುವುದಾಗಿ ಪ್ರಕಟಿಸಿತ್ತು. ಅದನ್ನು ಮೊದಲು ಪ್ರಯೋಗಿಸಲು ಸೆವೂನ್‌ಗಿಂತ ಯೋಗ್ಯವಾದ ಜಾಗ ಇನ್ನೊಂದು ಸಿಗಲಾರದು. ಹಾಗೆ ಬರುವ ಹಣದಲ್ಲಿ ಬಾಡಿಗೆದಾರರಿಗೂ ಪಾಲಿರಬೇಕು. ಇಡೀ ಓಣಿಯನ್ನು ಒಟ್ಟಾಗಿ, ಲೇತ್, ಕೊರೆಯುವ ಯಂತ್ರ, ಹೊಳಪಿನ ಚಕ್ರ ಎಲ್ಲವನ್ನೂ ಅಕ್ಕಪಕ್ಕದಲ್ಲೇ ಇರುವಂತೆ ಹೊಸ ಕಟ್ಟಡದ ಕೆಳ ಅಂತಸ್ತಿಗೆ ಕಡಿಮೆ ಬಾಡಿಗೆಯಲ್ಲಿ ತರುವುದು ಕಷ್ಟದ ಕೆಲಸವಾದರೂ ಆಗದ ಕೆಲಸವಲ್ಲ.

ಪರಂಪರೆ ಪರಿಣಾಮದ ಮೌಲ್ಯಮಾಪನವನ್ನು ನಗರಾಡಳಿತ ಇನ್ನಷ್ಟು ವಿಳಂಬದ ಉಪಾಯವೆಂದು ಕಾಣುತ್ತದೆ. ನಿಜಕ್ಕೂ ಅದರ ಕೆಲಸ ಬೇರೆ. ಜಗುಲಿಯ ಯಾವ ಬಿಂದುವಿನಿಂದ ಎಷ್ಟು ಎತ್ತರದ ಕಟ್ಟಡ ಎಷ್ಟು ಕಾಣುತ್ತದೆ, ಎಲೆ ಉದುರುವ ಚಳಿಗಾಲದಲ್ಲಿ ಎಷ್ಟು, ರಾತ್ರಿ ದೀಪ ಹೊತ್ತಿದಾಗ ಎಷ್ಟು, 20 ಮೀಟರ್ ತಗ್ಗಿಸಿದರೆ ಏನಾಗುತ್ತದೆ, ಗೋಪುರವನ್ನು ಪಕ್ಕಕ್ಕೆ ಸರಿಸಿದರೆ ಏನಾಗುತ್ತದೆ ಎಂದು ಒಂದೊಂದಾಗಿ ಅಳೆದು ಬರೆಯುವುದು ಅದು. ಹಾಗೆ ಅಳೆಯದೆ ಒಬ್ಬರು ಹಾನಿಯಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಸರ್ವನಾಶ ಎನ್ನುತ್ತಾರೆ. 2009ರಲ್ಲಿ ಸೇತುವೆಯ ಕಾರಣಕ್ಕೆ ಜರ್ಮನಿಯ ಡ್ರೆಸ್ಡನ್ ಕಣಿವೆ, 2021ರಲ್ಲಿ ಬಂದರಿನ ಪುನರಭಿವೃದ್ಧಿಯ ಕಾರಣಕ್ಕೆ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವ ಪರಂಪರೆಯ ಪಟ್ಟಿಯಿಂದ ಹೊರಬಿದ್ದವು. ಎರಡೂ ನಗರಗಳು ಚೆನ್ನಾಗಿಯೇ ಬದುಕಿವೆ, ಹಾಗಾಗಿ ಪಟ್ಟಿ ತಪ್ಪುವ ಹೆದರಿಕೆಯೊಂದೇ ಸಾಕಾಗುವುದಿಲ್ಲ. ಜೊಂಗ್ಮ್ಯೊವನ್ನು ಯುನೆಸ್ಕೊಗಾಗಿ ಕಾಪಾಡಬೇಕಾಗಿಲ್ಲ. ಐದು ವರ್ಷದ ದುರಸ್ತಿ ಮುಗಿದು 2025ರ ಏಪ್ರಿಲ್ 20ರಂದು 49 ಫಲಕಗಳು ಚಾಂಗ್ದೊಕ್ ಅರಮನೆಯಿಂದ ಮೆರವಣಿಗೆಯಲ್ಲಿ ಮಂದಿರಕ್ಕೆ ಮರಳಿದಾಗ, 155 ವರ್ಷದ ನಂತರ ನಡೆದ ಆ ಆಚರಣೆಯನ್ನು ನೋಡಲು ಸೋಲ್ ಜನ ಬೀದಿಯ ಇಕ್ಕೆಲಗಳಲ್ಲಿ ನಿಂತಿದ್ದರು. ಜಪಾನಿ ಆಡಳಿತ 1932ರಲ್ಲಿ ರಸ್ತೆ ಹಾಯಿಸಿ ಜೊಂಗ್ಮ್ಯೊವನ್ನು ಪಕ್ಕದ ಅರಮನೆಯಿಂದ ಕತ್ತರಿಸಿತ್ತು. ಆ ರಸ್ತೆಯನ್ನು ಸುರಂಗದೊಳಗೆ ಇಳಿಸಿ, ಮೇಲೆ ಮಣ್ಣು ತುಂಬಿ, ಮರ ನೆಟ್ಟು, 2022ರಲ್ಲಿ ಎರಡನ್ನೂ ಮತ್ತೆ ಕೂಡಿಸಿದ್ದು ಇದೇ ನಗರಾಡಳಿತ. ತೊಂಬತ್ತು ವರ್ಷದ ಗಾಯವನ್ನು ಉತ್ತರದ ಬದಿಯಲ್ಲಿ ಅಷ್ಟು ತಾಳ್ಮೆಯಿಂದ ಹೊಲಿದವರು ದಕ್ಷಿಣದ ಬದಿಯಲ್ಲಿ ಇಷ್ಟು ಅವಸರ ಏಕೆ ಪಡಬೇಕು ಎಂಬುದೇ ನನಗೆ ಅರ್ಥವಾಗದ ಸಂಗತಿ.

ಸಂಜೆ ಸೆವೂನ್ ಸಾಂಗಾದ ಮಾಳಿಗೆಗೆ ಹತ್ತಿದೆ. ಅಲ್ಲಿ ಯಾರು ಬೇಕಾದರೂ ಹೋಗಿ ನಿಲ್ಲಬಹುದು. ಉತ್ತರಕ್ಕೆ ಜೊಂಗ್ಮ್ಯೊದ ಕಾಡು, ಅದರ ಹಿಂದೆ ಬುಕ್ಹಾನ್ ಬೆಟ್ಟದ ಬಂಡೆಗಳು. ದಕ್ಷಿಣಕ್ಕೆ ನಾಮ್ಸಾನ್ ಗೋಪುರ, ನಡುವೆ ಕ್ರೇನುಗಳು. ಕೆಳಗೆ ಬೇಲಿಯೊಳಗಿನ ಖಾಲಿ ಜಾಗ. ಕತ್ತಲಾಗುತ್ತಿದ್ದಂತೆ ಸುತ್ತಲಿನ ಕಿಟಕಿಗಳೆಲ್ಲ ಒಂದೊಂದಾಗಿ ಹೊತ್ತಿಕೊಂಡವು, ಕಾಡಿನ ಜಾಗ ಮಾತ್ರ ಹಾಗೆಯೇ ಕಪ್ಪಾಗುತ್ತ ಹೋಯಿತು. ಅದರೊಳಗೆ ಎಲ್ಲೋ ಜೊಂಗ್‌ಜೊನ್‌ನ ಛಾವಣಿ ಇದೆ ಎಂದು ಹುಡುಕಿದೆ. ಮರಗಳ ಎತ್ತರಕ್ಕೂ ಏರದ ಆ ಛಾವಣಿ ಅಲ್ಲಿಂದ ಕಾಣಲಿಲ್ಲ. ಓಣಿಯ ಕಡೆಯಿಂದ ಷಟರ್ ಎಳೆಯುವ ಸದ್ದು ಕೇಳುತ್ತಿತ್ತು, ಒಂದಾದ ಮೇಲೆ ಒಂದು.